ನಂಬದವರ ಹೆಗಲಿಗೆ ನಂಬಿಕೆಯ ಕಾನೂನು

ಪ್ರಶ್ನೆ: ನಾನು ಆಳಂದ ತಾಲ್ಲೂಕಿನವಳು, ಲಿಂಗಾಯತ ಮನೆತನ. ಕೆಲಸ ಕಲಬುರಗಿಯಲ್ಲಿ. ಮದುವೆಯಾಗಬೇಕೆಂದಿರುವ ಹುಡುಗ ಹುಮನಾಬಾದಿನ ಮುಸ್ಲಿಂ ಮನೆತನದವನು. ಇಬ್ಬರಿಗೂ ದೇವರಲ್ಲಿ ನಂಬಿಕೆ ಇಲ್ಲ, ಯಾವ ಆಚರಣೆಯನ್ನೂ ಮಾಡುವುದಿಲ್ಲ. ಆದರೂ ಮದುವೆ, ಆಸ್ತಿ ಎಂದ ಕೂಡಲೇ ನನಗೆ ಹಿಂದೂ ಕಾಯ್ದೆ, ಅವನಿಗೆ ಷರಿಯತ್ ಅನ್ನುತ್ತಾರೆ. ಧರ್ಮದಿಂದ ಹುಟ್ಟಿದ ಕಾನೂನು ಧರ್ಮವನ್ನೇ ನಂಬದವರಿಗೆ ಯಾಕೆ ಅನ್ವಯಿಸಬೇಕು? ‘ನಮಗೆ ಧರ್ಮ ಇಲ್ಲ’ ಎಂದು ಬರೆದುಕೊಟ್ಟರೆ ಹೊರಬರಬಹುದೇ? ಮನೆಯಲ್ಲಿ ‘ಹಂಗ ಮದುವಿ ಆದ್ರ ಹೊಲದಾಗ ಪಾಲಿಲ್ಲ’ ಅನ್ನುತ್ತಿದ್ದಾರೆ. ಅದು ನಿಜವೇ?

ಉತ್ತರ: ಬರೆದುಕೊಟ್ಟರೆ ಹೊರಬರಲಾಗುವುದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ ಬಹುಮಟ್ಟಿಗೆ ಹೊರಬರಬಹುದು. ಹೊಲದ ಪಾಲಿನ ಬಗ್ಗೆ ಮನೆಯವರು ಹೇಳುತ್ತಿರುವುದು ತಪ್ಪು. ಇನ್ನು ಒಂದೊಂದಾಗಿ ನೋಡೋಣ.

ಬರೆದುಕೊಡುವುದರಿಂದ ಯಾಕೆ ಆಗುವುದಿಲ್ಲ ಎಂಬುದು 1955ರ ಹಿಂದೂ ವಿವಾಹ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳ 2ನೇ ಕಲಂ ಓದಿದರೆ ತಿಳಿಯುತ್ತದೆ. ಅಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಆಮೇಲೆ ಬೌದ್ಧ, ಜೈನ, ಸಿಖ್ಖರು ಬರುತ್ತಾರೆ. ಕೊನೆಗೆ, ಮುಸ್ಲಿಂ, ಕ್ರೈಸ್ತ, ಪಾರ್ಸಿ ಅಥವಾ ಯಹೂದಿ ಅಲ್ಲದ ಮಿಕ್ಕವರೆಲ್ಲ ಬರುತ್ತಾರೆ. ಹಿಂದೂ ಕಾನೂನಾಗಲಿ ರೂಢಿಯಾಗಲಿ ತಮಗೆ ಹಿಂದೆಂದೂ ಅನ್ವಯಿಸುತ್ತಿರಲಿಲ್ಲ ಎಂದು ರುಜುವಾತು ಮಾಡಿದವರು ಮಾತ್ರ ಹೊರಗೆ. ತಂದೆತಾಯಿ ಇಬ್ಬರೂ ಹಿಂದೂಗಳಾದರೆ ಮಗುವೂ ಹಿಂದೂ ಎಂದು ವಿವರಣೆ ಹೇಳುತ್ತದೆ. ಅಂದರೆ ಈ ಕಾಯ್ದೆ ‘ನೀನು ಏನು ನಂಬುತ್ತೀ’ ಎಂದು ಕೇಳುವುದೇ ಇಲ್ಲ, ‘ಯಾರ ಮನೆಯಲ್ಲಿ ಹುಟ್ಟಿದೆ’ ಎಂದಷ್ಟೇ ಕೇಳುತ್ತದೆ. ನಾಸ್ತಿಕರು ಈ ಕಾಯ್ದೆಯ ಕಣ್ಣಿಗೆ ಬೀಳುವುದಿಲ್ಲ. ಮಿಕ್ಕವರ ಸಾಲಿನಲ್ಲಿ ನಿಂತು ಹಿಂದೂಗಳಾಗಿಬಿಡುತ್ತಾರೆ. (ಲಿಂಗಾಯತ ಪ್ರತ್ಯೇಕ ಧರ್ಮವಾದರೆ ಇದು ಬದಲಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಕಾಯ್ದೆಯ ಮಾತು ಬದಲಾಗುವ ತನಕ ಇಲ್ಲ. ಜೈನರಿಗೆ 2014ರಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ಸಿಕ್ಕಿತು, ಅವರ ಮದುವೆ ಇಂದಿಗೂ ಹಿಂದೂ ವಿವಾಹ ಕಾಯ್ದೆಯಡಿಯಲ್ಲೇ ಇದೆ.)

ಹುಡುಗನ ಕಡೆ 1937ರ ಷರಿಯತ್ ಅನ್ವಯ ಕಾಯ್ದೆ ಇದೆ. ಅದರ 3ನೇ ಕಲಂನಲ್ಲಿ ಒಂದು ವಿಚಿತ್ರವಿದೆ. ದತ್ತು, ಉಯಿಲಿನ ವಿಷಯಗಳಲ್ಲೂ ತನಗೆ ಷರಿಯತ್ತೇ ಅನ್ವಯಿಸಲಿ ಎಂದು ಮುಸ್ಲಿಮರೊಬ್ಬರು ಘೋಷಣೆ ಕೊಡಬಹುದು. ಒಳಗೆ ಬರಲು ಹೀಗೆ ಅರ್ಜಿ ಇದೆ, ಹೊರಗೆ ಹೋಗಲು ಅರ್ಜಿ ಇಲ್ಲ. ಕೇರಳದ ಮಹಿಳೆಯೊಬ್ಬರು ಇದನ್ನೇ ಹಿಡಿದು, ಧರ್ಮ ಬಿಟ್ಟವರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. 2024ರಲ್ಲಿ ಕೋರ್ಟು ವಿಚಾರಣೆಗೆ ಒಪ್ಪಿ ನೋಟಿಸ್ ಕೊಟ್ಟಿತು. ಆ ಪ್ರಶ್ನೆ ನಿಮ್ಮದೇ ಪ್ರಶ್ನೆ.

ಸರ್ಕಾರಿ ಅರ್ಜಿಯಲ್ಲಿ ‘ಧರ್ಮ ಇಲ್ಲ’ ಎಂದು ಬರೆಯುವ ಹಕ್ಕು ಬೇರೆ ಮಾತು, ಅದು ನಿಮಗಿದೆ. ಸಂವಿಧಾನದ 25ನೇ ವಿಧಿ ಧರ್ಮಾಚರಣೆಯ ಮಾತಿಗೂ ಮೊದಲು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳುತ್ತದೆ, ನಂಬದಿರುವುದೂ ಅದರೊಳಗೇ ಬರುತ್ತದೆ. 2014ರಲ್ಲಿ ಬಾಂಬೆ ಹೈಕೋರ್ಟು, ಯಾವುದಾದರೊಂದು ಧರ್ಮ ಹೇಳಲೇಬೇಕೆಂದು ಸರ್ಕಾರ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದಿತು. 2019ರಲ್ಲಿ ತಮಿಳುನಾಡಿನ ತಿರುಪ್ಪತ್ತೂರಿನಲ್ಲಿ ವಕೀಲೆಯೊಬ್ಬರು ‘ಜಾತಿ ಇಲ್ಲ, ಧರ್ಮ ಇಲ್ಲ’ ಎಂಬ ಪ್ರಮಾಣಪತ್ರವನ್ನೇ ಪಡೆದರು. ಆದರೆ ಅಂಥ ಕಾಗದ ನಿಮ್ಮ ಗುರುತನ್ನು ಹೇಳುತ್ತದೆಯೇ ಹೊರತು ಮದುವೆ, ವಾರಸಿಕೆಯ ಕಾನೂನನ್ನು ಬದಲಿಸುವುದಿಲ್ಲ. ಪರಿಶಿಷ್ಟ ಜಾತಿಯ ಓದುಗರು ಇಲ್ಲಿ ಇನ್ನೊಂದನ್ನು ಗಮನಿಸಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಹಿಂದೂ, ಸಿಖ್, ಬೌದ್ಧ ಧರ್ಮಗಳಿಗಿಂತ ಬೇರೆ ಧರ್ಮ ಪಾಲಿಸುವವರನ್ನು ಹೊರಗಿಡುತ್ತದೆ. ಯಾವ ಧರ್ಮವನ್ನೂ ಪಾಲಿಸದವರು ‘ಬೇರೆ ಧರ್ಮ’ದವರಲ್ಲ ಎಂದು ವಾದಿಸಲು ಬಲವಾದ ಆಧಾರವಿದೆ. ಆದರೂ ಮಕ್ಕಳ ಜಾತಿ ಪ್ರಮಾಣಪತ್ರ ಕೈಗೆ ಬರುವ ಮೊದಲೇ ಶಾಲಾ ದಾಖಲೆಯಲ್ಲಿ ಧರ್ಮದ ಕಾಲಂ ತಿದ್ದಿಸಲು ಹೋಗಬೇಡಿ. ತಹಶೀಲ್ದಾರ್ ಕಚೇರಿಯಲ್ಲಿ ಆ ವಾದ ಮಂಡಿಸುತ್ತ ಕೂರುವಷ್ಟರಲ್ಲಿ ಸೀಟಿನ ಕೊನೆಯ ದಿನ ದಾಟಿರುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಧರ್ಮಮೂಲದ ಕಾನೂನು ನಂಬದವರನ್ನು ಕಟ್ಟಬೇಕೇ?

ಕಾನೂನಿನ ಬೇರು ಎಲ್ಲಿದೆ ಎಂದು ಹುಡುಕಿ ತೀರ್ಪು ಕೊಡುವುದು ಸರಿಯಾದ ದಾರಿಯಲ್ಲ. ಭಾನುವಾರದ ರಜೆಯ ಬೇರು ಚರ್ಚಿನಲ್ಲಿದೆ. ಆದರೆ ದುಡಿಯುವವರಿಗೆ ವಾರಕ್ಕೊಂದು ದಿನ ಬಿಡುವು ಬೇಕೆಂಬ ಕಾರಣವನ್ನು ಯಾರಿಗೆ ಬೇಕಾದರೂ ಹೇಳಬಹುದು, ನಾಸ್ತಿಕರಿಗೂ ಅದರಿಂದ ತೊಂದರೆಯಿಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು. ಇಂದು ಈ ಕಾನೂನಿಗೆ ಕೊಡುವ ಕಾರಣ ನಂಬಿಕೆಯಿಲ್ಲದವರ ಮುಂದೆಯೂ ನಿಲ್ಲುತ್ತದೆಯೇ? ನಿಲ್ಲದಿದ್ದರೆ, ಒಪ್ಪದವರಿಗೆ ಹೊರಹೋಗುವ ಬಾಗಿಲು ಇದೆಯೇ? ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಅದು ಕಾನೂನಿನ ವೇಷದಲ್ಲಿರುವ ಬಲವಂತದ ಆಚರಣೆ.

ಇದಕ್ಕೆ ನಮ್ಮ ಭಾಗದವರು ದೂರ ಹೋಗಬೇಕಿಲ್ಲ. ಬಸವಕಲ್ಯಾಣದ ನೆನಪಿನಲ್ಲೇ ಇದು ಇದೆ. ಶರಣರ ಚರಿತ್ರೆ ಹೇಳುವಂತೆ ಸಮಗಾರ ಕುಲದಲ್ಲಿ ಹುಟ್ಟಿದ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವರಸನ ಮಗಳಿಗೂ ಮದುವೆಯಾಯಿತು. ಎರಡೂ ಮನೆಯವರು ಲಿಂಗ ಕಟ್ಟಿಕೊಂಡು ವರ್ಣವನ್ನು ಬಿಟ್ಟವರು, ಅವರ ಲೆಕ್ಕದಲ್ಲಿ ಅದು ಶರಣರಿಬ್ಬರ ಮನೆಯ ಸಂಬಂಧ. ಆದರೆ ದೊರೆ ಬಿಜ್ಜಳನ ಆಡಳಿತ ಅವರನ್ನು ಅಳೆದದ್ದು ಅವರು ಬಿಟ್ಟುಬಂದಿದ್ದ ವರ್ಣಧರ್ಮದ ಕಟ್ಟಳೆಯಿಂದ, ಶಿಕ್ಷೆ ಎಳೆಹೂಟೆ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವುದು. ಆ ಕಟ್ಟಳೆಯನ್ನು ಶರಣರಿಗೆ ಅವರು ಒಪ್ಪುವ ಯಾವ ಕಾರಣ ಕೊಟ್ಟೂ ಸಮರ್ಥಿಸಲಾಗುತ್ತಿರಲಿಲ್ಲ. ನಿಮ್ಮ ಪ್ರಶ್ನೆಯ ಬಗ್ಗೆ ನಾವು ಇಷ್ಟು ಕಾಳಜಿಯಿಂದ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಮೊದಲ ಪ್ರಶ್ನೆ ಎಷ್ಟು ಕಠಿಣ ಎಂಬುದಕ್ಕೆ ಗೋಹತ್ಯೆ ಕಾಯ್ದೆ ನೋಡಿ. ಸಂವಿಧಾನದ 48ನೇ ವಿಧಿ ಧರ್ಮದ ಹೆಸರು ಎತ್ತುವುದಿಲ್ಲ. ಕೃಷಿ, ಪಶುಸಂಗೋಪನೆಯನ್ನು ವೈಜ್ಞಾನಿಕವಾಗಿ ನಡೆಸುವುದು ಎನ್ನುತ್ತದೆ. ಕರ್ನಾಟಕದ 2020ರ ಕಾಯ್ದೆ ಆಕಳು, ಕರು, ಹೋರಿ, ಎತ್ತುಗಳನ್ನು ಯಾವ ವಯಸ್ಸಿನಲ್ಲೂ ಕಡಿಯುವಂತಿಲ್ಲ ಎನ್ನುತ್ತದೆ, ಎಮ್ಮೆ ಕೋಣಗಳಿಗೆ 13 ವರ್ಷ ದಾಟಿರಬೇಕು. ಶಿಕ್ಷೆ 3ರಿಂದ 7 ವರ್ಷ. ಕೊಟ್ಟ ಕಾರಣ ಕೃಷಿಯಾದ ಮೇಲೆ ಅದನ್ನು ಕೃಷಿಯ ತಕ್ಕಡಿಯಲ್ಲೇ ತೂಗಬೇಕು. ದುಡಿಯಲಾಗದ ಮುದಿ ಎತ್ತಿಗೆ ಬರಗಾಲದಲ್ಲೂ ಮೇವು ಹೊಂದಿಸಬೇಕಾದ ತೊಗರಿ ಬೆಳೆಗಾರರ ಖರ್ಚೂ ಆ ತಕ್ಕಡಿಗೆ ಬೀಳಬೇಕು. 1958ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ಕೆಲಸಕ್ಕೆ ಬಾರದ ಎತ್ತು ಹೋರಿಗಳ ಮೇಲೆ ಪೂರ್ತಿ ನಿಷೇಧ ಸಲ್ಲದು ಎಂದಿತ್ತು. 2005ರಲ್ಲಿ ಏಳು ಜನರ ಪೀಠ ಬಹುಮತದಿಂದ, ಮುದಿ ಎತ್ತಿನ ಸಗಣಿ ಗಂಜಲಕ್ಕೂ ಬೆಲೆಯಿದೆ ಎಂದು ಪೂರ್ತಿ ನಿಷೇಧವನ್ನು ಎತ್ತಿಹಿಡಿಯಿತು. ತೀರ್ಪು ಒಪ್ಪಬಹುದು, ಬಿಡಬಹುದು. ನ್ಯಾಯಾಲಯ ನಂಬಿಕೆಯನ್ನಲ್ಲ, ಗೊಬ್ಬರವನ್ನು ಮುಂದಿಟ್ಟು ಮಾತಾಡಬೇಕಾಯಿತು. ಆದ್ದರಿಂದಲೇ ನಾಸ್ತಿಕರೂ ಅದರ ಜೊತೆ ಲೆಕ್ಕ ಹಿಡಿದು ಜಗಳವಾಡಬಹುದು.

ಕೌಟುಂಬಿಕ ಕಾನೂನುಗಳಲ್ಲಿ ಆ ಜಗಳಕ್ಕೇ ಅವಕಾಶ ಕಡಿಮೆ. 1951ರಲ್ಲಿ ಬಾಂಬೆ ಹೈಕೋರ್ಟು ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ, ವೈಯಕ್ತಿಕ ಕಾನೂನುಗಳು (ಧರ್ಮಕ್ಕೊಂದರಂತೆ ಇರುವ ಮದುವೆ, ವಾರಸಿಕೆಯ ಕಾನೂನುಗಳು), ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಅಸಿಂಧು ಎನ್ನುವ ಸಂವಿಧಾನದ 13ನೇ ವಿಧಿಯ ‘ಕಾನೂನು’ ಎಂಬ ಮಾತಿನೊಳಗೆ ಬರುವುದಿಲ್ಲ ಎಂದಿತು. ಆ ನೆರಳು ಇನ್ನೂ ಪೂರ್ತಿ ಸರಿದಿಲ್ಲ. ಹಾಗಾಗಿ ಬಾಗಿಲು ಇದೆಯೇ ಎಂಬ ಎರಡನೆಯ ಪ್ರಶ್ನೆಯೇ ಇಲ್ಲಿ ಮುಖ್ಯವಾಗುತ್ತದೆ.

ಮೊದಲ ಬಾಗಿಲು ತೆರೆದದ್ದು 1872ರಲ್ಲಿ. ಬ್ರಾಹ್ಮ ಸಮಾಜದ ಕೇಶವಚಂದ್ರ ಸೇನರ ಒತ್ತಾಯದಿಂದ ಬಂದ ಆ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ‘ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ’ ಎಂದು ಸಾಲುಸಾಲಾಗಿ ನಿರಾಕರಿಸಬೇಕಿತ್ತು. ನಂಬುವವರು ಬೇರೆ ಧರ್ಮದವರನ್ನು ಮದುವೆಯಾಗಬೇಕೆಂದರೆ ಸುಳ್ಳು ಹೇಳಬೇಕಿತ್ತು. 1923ರಲ್ಲಿ ಹರಿಸಿಂಗ್ ಗೌರ್ ತಂದ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಇದನ್ನು ಸಡಿಲಿಸಿತು. 1954ರ ಕಾಯ್ದೆ ಆ ಘೋಷಣೆಯನ್ನೇ ತೆಗೆದುಹಾಕಿತು. ಈಗ ನೀವು ನಂಬುತ್ತೀರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನಿಮ್ಮ ಬಾಗಿಲು ಇದು.

ಕೆಲಸ ಹೀಗೆ ನಡೆಯುತ್ತದೆ. ಇಬ್ಬರಲ್ಲಿ ಒಬ್ಬರಾದರೂ ಹಿಂದಿನ 30 ದಿನ ಸತತವಾಗಿ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ನಮ್ಮಲ್ಲಿ ಆ ಕೆಲಸ ಸಬ್ ರಿಜಿಸ್ಟ್ರಾರರದು. ನೀವು ಕಲಬುರಗಿಯಲ್ಲಿ ಇರುವುದರಿಂದ ಅಲ್ಲಿ ಕೊಡಬಹುದು. ಬಾಡಿಗೆ ಕರಾರು, ಆಧಾರ್ ವಿಳಾಸ ಇಂಥ ವಾಸದ ದಾಖಲೆ ಗಟ್ಟಿ ಇರಲಿ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕು: ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಡಿಕ್ರಿ ಅಥವಾ ಮರಣ ಪ್ರಮಾಣಪತ್ರ ಬೇಕು. ನೋಟಿಸನ್ನು ಕಚೇರಿಯಲ್ಲಿ ಎದ್ದು ಕಾಣುವ ಕಡೆ ಹಚ್ಚುತ್ತಾರೆ. ಅಲ್ಲಿಂದ 30 ದಿನ ಆಕ್ಷೇಪಣೆಯ ಕಾಲ. ಜೂನ್ 1ಕ್ಕೆ ನೋಟಿಸ್ ಕೊಟ್ಟು ಅಂದೇ ಹಚ್ಚಿದರೆ ಜುಲೈ ಮೊದಲ ದಿನಗಳಲ್ಲಿ ಮದುವೆಯಾಗಬಹುದು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳು ದಾಟಿದರೆ ಅದು ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆಗಸ್ಟ್ ಮುಗಿಯುವುದರೊಳಗೆ ಮುಗಿಸಿಕೊಳ್ಳಿ. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ಯಾವ ವಿಧಿಯೂ ಬೇಡ, ತಾಳಿ ಬೇಡ, ಅಕ್ಕಿಕಾಳೂ ಬೇಡ. ಆದರೆ ‘ನಿನ್ನನ್ನು ಕಾನೂನುಬದ್ಧ ಪತಿಯಾಗಿ ಸ್ವೀಕರಿಸುತ್ತೇನೆ’, ‘ಪತ್ನಿಯಾಗಿ ಸ್ವೀಕರಿಸುತ್ತೇನೆ’ ಎಂಬ ಮಾತನ್ನು ಅಧಿಕಾರಿ ಮತ್ತು ಸಾಕ್ಷಿಗಳ ಮುಂದೆ ಇಬ್ಬರೂ ಬಾಯಿಬಿಟ್ಟು ಹೇಳಲೇಬೇಕು. ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಬಹುದು.

ಕೆಡುವುದು ಸಾಮಾನ್ಯವಾಗಿ ನೋಟಿಸಿನಲ್ಲಿ. ಹುಡುಗನ ಕಾಯಂ ವಾಸ ಬೀದರ್ ಜಿಲ್ಲೆಯಲ್ಲಿದ್ದರೆ ಅದರ ಪ್ರತಿ ಅಲ್ಲಿನ ವಿವಾಹಾಧಿಕಾರಿಗೂ ಹೋಗುತ್ತದೆ, ಅಲ್ಲಿಯೂ ಹಚ್ಚುತ್ತಾರೆ. ಸುದ್ದಿ ಮನೆಗೆ ಮುಟ್ಟುವುದು ಹೀಗೆ. ನಂಬುವವರು ಗುಡಿಯಲ್ಲೋ ಮಸೀದಿಯಲ್ಲೋ ಒಂದೇ ದಿನದಲ್ಲಿ ಮದುವೆಯಾಗಬಹುದು, ನಂಬದವರು ಮಾತ್ರ ಒಂದು ತಿಂಗಳು ಗೋಡೆಯ ಮೇಲೆ ಹೆಸರು ಹಚ್ಚಿಸಿಕೊಂಡು ಕಾಯಬೇಕು. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು, ಜೋಡಿ ಬಯಸಿದರೆ ಮಾತ್ರ ನೋಟಿಸ್ ಹಚ್ಚಬೇಕೆಂದು ಹೇಳಿತು. ಆದರೆ ಆ ತೀರ್ಪು ಕರ್ನಾಟಕದ ಕಚೇರಿಗಳನ್ನು ಕಟ್ಟಿಹಾಕುವುದಿಲ್ಲ. ಆದ್ದರಿಂದ ನೋಟಿಸ್ ಕೊಡುವ ದಿನವೇ ಎರಡೂ ಜಿಲ್ಲೆಗಳ ಎಸ್‌ಪಿ ಕಚೇರಿ ಮತ್ತು ಕಲಬುರಗಿ ನಗರ ಪೊಲೀಸ್ ಕಮಿಷನರ್ ಕಚೇರಿಗೆ ರಕ್ಷಣೆ ಕೋರಿ ಮನವಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಂಥ ಜೋಡಿಗಳ ರಕ್ಷಣೆಯ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಿದೆ. ಆ ಮುದ್ರೆಯಿದ್ದರೆ ಹೈಕೋರ್ಟಿನ ಕಲಬುರಗಿ ಪೀಠದ ಮುಂದೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಆಕ್ಷೇಪಣೆ ಬಂದರೂ ಹೆದರಬೇಡಿ. 4ನೇ ಕಲಂನ ಷರತ್ತುಗಳನ್ನು ಮೀರಿದ್ದೀರಿ ಎಂಬುದಷ್ಟೇ ಆಕ್ಷೇಪಣೆ ಆಗಬಲ್ಲದು: ವಯಸ್ಸು, ಬದುಕಿರುವ ಗಂಡ ಅಥವಾ ಹೆಂಡತಿ, ಮಾನಸಿಕ ಸಾಮರ್ಥ್ಯ, ನಿಷಿದ್ಧ ರಕ್ತಸಂಬಂಧ. ‘ಜಾತಿ ಬೇರೆ’, ‘ನಮಗೆ ಒಪ್ಪಿಗೆಯಿಲ್ಲ’ ಇವು ಆಕ್ಷೇಪಣೆಗಳಲ್ಲ. ಅಧಿಕಾರಿ 30 ದಿನದೊಳಗೆ ತೀರ್ಮಾನಿಸಬೇಕು. ಮದುವೆ ತಡೆದರೆ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು.

ಈ ಒಂದು ತಿಂಗಳನ್ನು ತಪ್ಪಿಸಿಕೊಳ್ಳಲು ‘ಒಂದೇ ದಿನದಲ್ಲಿ ಧರ್ಮ ಬದಲಿಸಿ ಮದುವೆ ಮಾಡಿಸುತ್ತೇವೆ’ ಎನ್ನುವ ಮಧ್ಯವರ್ತಿಗಳು ಸಿಗುತ್ತಾರೆ. ಬೇಡ. ನಂಬದ ಧರ್ಮಕ್ಕೆ ಸಹಿ ಹಾಕಿ, ಯಾವ ಕಾನೂನಿನಿಂದ ಹೊರಬರಬೇಕೆಂದಿದ್ದೀರೋ ಅದನ್ನೇ ಕೊರಳಿಗೆ ಕಟ್ಟಿಕೊಂಡಂತಾಗುತ್ತದೆ.

ಈಗ ಆಸ್ತಿ. ನಿಮ್ಮಂಥ ಜೋಡಿಗೆ ವಿಶೇಷ ವಿವಾಹ ಕಾಯ್ದೆಯ 21ನೇ ಕಲಂ ಅನ್ವಯಿಸುತ್ತದೆ. ಮುಂದೆ ನಿಮ್ಮಿಬ್ಬರ ಮತ್ತು ನಿಮ್ಮ ಮಕ್ಕಳ ಆಸ್ತಿ ಹಿಂದೂ ಕಾಯ್ದೆಗೂ ಷರಿಯತ್ತಿಗೂ ಸೇರದೆ 1925ರ ಕಾಯ್ದೆಯ ಪ್ರಕಾರ ಹಂಚಿಕೆಯಾಗುತ್ತದೆ. ಉಯಿಲಿಲ್ಲದೆ ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಮೂರರಲ್ಲಿ ಎರಡು, ಗಂಡುಹೆಣ್ಣು ಎಂಬ ಭೇದವಿಲ್ಲದೆ. 2023ರಲ್ಲಿ ಹೆಣ್ಣುಮಕ್ಕಳೇ ಇದ್ದ ಕೇರಳದ ಮುಸ್ಲಿಂ ವಕೀಲರೊಬ್ಬರು ತಮ್ಮ ಹೆಂಡತಿಯನ್ನೇ ಈ ಕಾಯ್ದೆಯಡಿ ಮತ್ತೆ ಮದುವೆಯಾದದ್ದು ಇದೇ ಕಾರಣಕ್ಕೆ.

ಆದರೆ ಇದರಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಹಿಂದೂ ಕಾಯ್ದೆಯಲ್ಲಿ ಮಗ ತೀರಿಕೊಂಡರೆ ತಾಯಿಗೂ ಹೆಂಡತಿ ಮಕ್ಕಳಷ್ಟೇ ಪಾಲು ಇದೆ. ಷರಿಯತ್ತಿನಲ್ಲಿ ಮಕ್ಕಳಿರುವಾಗ ತಾಯಿಗೆ ಆರರಲ್ಲಿ ಒಂದು. 1925ರ ಕಾಯ್ದೆಯಲ್ಲಿ ಮಕ್ಕಳಿದ್ದರೆ ತಂದೆತಾಯಿಗೆ ಏನೂ ಇಲ್ಲ. ಧರ್ಮವಿಲ್ಲದ ಕಾನೂನು ಎಲ್ಲ ಕಡೆಯೂ ಹೆಚ್ಚು ದಯೆಯುಳ್ಳದ್ದು ಎಂದು ತಿಳಿಯಬೇಡಿ. ತಾಯಿಯನ್ನು ಸಾಕುತ್ತಿದ್ದರೆ ಇಬ್ಬರೂ ಉಯಿಲು ಬರೆದಿಡಿ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಸ್ಟಾಂಪ್ ಶುಲ್ಕವಿಲ್ಲ. ಇಬ್ಬರು ಸಾಕ್ಷಿಗಳು ನಿಮ್ಮ ಎದುರಲ್ಲೇ ಸಹಿ ಹಾಕಬೇಕು, ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಮದುವೆಗೆ ಮೊದಲು ಬರೆದ ಉಯಿಲು ಮದುವೆಯಿಂದ ರದ್ದಾಗುವ ಸಂಭವವಿದೆ, ಹಾಗಾಗಿ ಮದುವೆಯ ನಂತರ ಹೊಸದಾಗಿ ಬರೆಯಿರಿ.

ಹೊಲದ ಪಾಲು: 2005ರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲುದಾರಳು; 2020ರ ವಿನೀತಾ ಶರ್ಮಾ ತೀರ್ಪು ಅದನ್ನು ಗಟ್ಟಿಮಾಡಿತು. ಬೇರೆ ಧರ್ಮದ ಮನೆಯವನನ್ನು ಈ ಕಾಯ್ದೆಯಡಿ ಮದುವೆಯಾದರೆ 19ನೇ ಕಲಂ ಪ್ರಕಾರ ನೀವು ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ. ಬೇರೆಯಾಗುವುದೆಂದರೆ ಪಾಲು ಕಳೆದುಕೊಳ್ಳುವುದಲ್ಲ, ಅಂದಿನ ಲೆಕ್ಕಕ್ಕೆ ಪಾಲು ಗೊತ್ತಾಗುವುದು. ‘ಹೊರಗೆ ಹೋದವರಿಗೆ ಹಕ್ಕಿಲ್ಲ’ ಎಂಬ ಕಟ್ಟುಪಾಡನ್ನು 1850ರ ಜಾತಿ ನಿರ್ಬಂಧ ನಿವಾರಣಾ ಕಾಯ್ದೆಯೇ ಮುರಿದಿತ್ತು, ವಿಶೇಷ ವಿವಾಹ ಕಾಯ್ದೆಯ 20ನೇ ಕಲಂ ಅದನ್ನು ನಿಮಗೆ ಒದಗಿಸುತ್ತದೆ. ತಂದೆಯ ಸ್ವಯಾರ್ಜಿತ ಆಸ್ತಿಗೂ, ಅವರು ಉಯಿಲು ಬರೆಯದಿದ್ದರೆ, ನೀವು ವಾರಸುದಾರರೇ. ಬರೆದರೆ ಮಾತು ಬೇರೆ, ಅದು ಅವರ ಇಷ್ಟ. ಮದುವೆಗೆ ಮೊದಲೇ ಹೊಲದ ಉತಾರ (ಪಹಣಿ), ಮ್ಯುಟೇಶನ್ ಪ್ರತಿ, ವಂಶವೃಕ್ಷ ತೆಗೆದಿಟ್ಟುಕೊಳ್ಳಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ವಾರಸಾ ಮಾಡಿಸುವುದೇ ಎಲ್ಲೆಡೆ ನಡೆಯುವ ಮೋಸ. ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ. ನಿಮ್ಮನ್ನು ಹೊರಗಿಟ್ಟದ್ದು ತಿಳಿದ ದಿನದಿಂದ ಪಾಲಿನ ದಾವೆ ಹಾಕಲು 12 ವರ್ಷ ಕಾಲ ಇದೆ.

ಹುಡುಗನ ತಂದೆಯ ಆಸ್ತಿ ಷರಿಯತ್ ಪ್ರಕಾರವೇ ಹಂಚಿಕೆಯಾಗುತ್ತದೆ, ಯಾಕೆಂದರೆ ಲೆಕ್ಕಕ್ಕೆ ಬರುವುದು ತೀರಿಕೊಂಡವರ ಕಾನೂನು. ಅಲ್ಲಿ ಅಪ್ಪ ಬದುಕಿರುವಾಗ ಮಗ ತೀರಿಕೊಂಡರೆ, ಬೇರೆ ಗಂಡುಮಕ್ಕಳಿದ್ದಲ್ಲಿ ಮೊಮ್ಮಕ್ಕಳಿಗೆ ಪಾಲಿಲ್ಲ. ಅಜ್ಜನಿಗೆ ಮನಸ್ಸಿದ್ದರೆ ಬದುಕಿರುವಾಗಲೇ ಹಿಬಾ (ದಾನ) ಮಾಡಿಕೊಡಲಿ, ಸ್ವಾಧೀನವನ್ನೂ ಕೊಟ್ಟರೆ ಮಾತ್ರ ಅದು ನಿಲ್ಲುತ್ತದೆ. ಉಯಿಲಿನಲ್ಲಾದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊಡಲು ವಾರಸುದಾರರ ಒಪ್ಪಿಗೆ ಬೇಕು.

ಇದೇ ಪ್ರಶ್ನೆಯುಳ್ಳ ಬೇರೆ ಓದುಗರಿಗೆ ಎರಡು ಮಾತು. ಇಬ್ಬರೂ ಹಿಂದೂ ಮನೆತನದ ನಾಸ್ತಿಕರಾದರೆ, ಹಾರ ಬದಲಿಸಿಕೊಂಡು ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿಕೊಳ್ಳುವುದು ಅಪಾಯ. ಆ ಕಾಯ್ದೆಯ 7ನೇ ಕಲಂಗೆ ರೂಢಿಯ ವಿಧಿ ಬೇಕೇ ಬೇಕು. ವಿಧಿಯಿಲ್ಲದೆ ಬರೀ ನೋಂದಣಿಯಿಂದ ಮದುವೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ. ತಮಿಳುನಾಡು 1967ರಲ್ಲಿ 7ಎ ಕಲಂ ಸೇರಿಸಿ ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಗಳನ್ನು ಒಪ್ಪಿಕೊಂಡಿತು, ಕರ್ನಾಟಕದಲ್ಲಿ ಅಂಥ ಕಲಂ ಇಲ್ಲ. ಮಂತ್ರ ಮಾಂಗಲ್ಯ ಮಾದರಿಯ ಸರಳ ಮದುವೆ ಮಾಡಿಕೊಳ್ಳುವವರು ವಿಶೇಷ ವಿವಾಹ ಕಾಯ್ದೆಯಡಿಯೂ ಮದುವೆಯಾಗಲಿ. ಆದರೂ 21ಎ ಕಲಂನಿಂದಾಗಿ ಅವರ ಆಸ್ತಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಅನ್ವಯಿಸುತ್ತದೆ. ಅದರ 15ನೇ ಕಲಂ ಪ್ರಕಾರ, ಮಕ್ಕಳಿಲ್ಲದ ವಿಧವೆ ಉಯಿಲಿಲ್ಲದೆ ತೀರಿಕೊಂಡರೆ ಆಕೆ ಸ್ವಂತ ಸಂಬಳದಿಂದ ಕೊಂಡ ಮನೆಯೂ ತಾಯಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಮದುವೆಯಾದ ಹೆಣ್ಣು ಗಂಡನ ಕುಲಕ್ಕೆ ಸೇರಿದಳೆಂಬ ನಂಬಿಕೆಯ ಹೊರತು ಇದಕ್ಕೆ ಬೇರೆ ಕಾರಣ ಕಾಣುವುದಿಲ್ಲ. ಮದ್ದು ಮತ್ತೆ ಉಯಿಲೇ.

ಇನ್ನೊಂದು, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವವರಿಗೆ. ನಮ್ಮ ಭಾಗದಲ್ಲಿ ಇದು ಸಾಮಾನ್ಯ. ಹಿಂದೂ ವಿವಾಹ ಕಾಯ್ದೆ ರೂಢಿಯಿದ್ದರೆ ಇದನ್ನು ಒಪ್ಪುತ್ತದೆ. ವಿಶೇಷ ವಿವಾಹ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇವೆಲ್ಲ ನಿಷಿದ್ಧ ಸಂಬಂಧಗಳು. ರೂಢಿಯ ವಿನಾಯಿತಿ ಬೇಕೆಂದರೆ ಆ ರೂಢಿಯನ್ನು ರಾಜ್ಯ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿರಬೇಕು. ನೋಟಿಸ್ ಕೊಡುವ ಮೊದಲೇ ಇದನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ.

ಎಲ್ಲರಿಗೂ ಒಂದೇ ಸಂಹಿತೆ ಬಂದರೆ ಇದೆಲ್ಲ ಮುಗಿಯುತ್ತದೆ ಎನ್ನುವವರಿದ್ದಾರೆ. ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಅಂಥ ಸಂಹಿತೆ ಜಾರಿಯಲ್ಲಿದೆ. ನಮ್ಮ ದೃಷ್ಟಿಯಲ್ಲಿ ಅಷ್ಟು ದೊಡ್ಡ ಕಟ್ಟಡಕ್ಕೆ ಕಾಯಬೇಕಿಲ್ಲ. ಹಿಂದೂ ಕಾಯ್ದೆಗಳ 2ನೇ ಕಲಂಗೂ 1937ರ ಕಾಯ್ದೆಯ 3ನೇ ಕಲಂಗೂ ಒಂದೊಂದು ಸಾಲು ಸೇರಿಸಿದರೆ ಸಾಕು: ಪ್ರಾಯಕ್ಕೆ ಬಂದವರು ಘೋಷಣೆ ಕೊಟ್ಟು 1925ರ ಕಾಯ್ದೆಯ ಕೆಳಗೆ ಬರಬಹುದು ಎಂದು. ನಂಬುವವರ ಒಂದು ಕೂದಲೂ ಕೊಂಕುವುದಿಲ್ಲ.

ನಿಮ್ಮ ವಿಷಯದಲ್ಲಿ ಈಗ ಮೊದಲು ಮಾಡಬೇಕಾದದ್ದು ಕಲಬುರಗಿಯ ವಾಸದ ದಾಖಲೆ ಮತ್ತು ಆಳಂದದ ಉತಾರ ತೆಗೆಸುವುದು. ಅವೆರಡೂ ಕೈಯಲ್ಲಿದ್ದ ಮೇಲೆ ನೋಟಿಸಿನ ದಿನ ಗೊತ್ತುಮಾಡಿ. ಮದುವೆಯಾದ ದಿನ ಪ್ರಮಾಣಪತ್ರದಲ್ಲಿ ‘ವಿಶೇಷ ವಿವಾಹ ಕಾಯ್ದೆ, 1954’ ಎಂದೇ ಇದೆಯೇ ಎಂದು ಕಚೇರಿಯಲ್ಲಿ ನಿಂತಲ್ಲೇ ಓದಿ ನೋಡಿ. ನಾಳೆ ವಾರಸಾ ಅರ್ಜಿ ಹಾಕುವಾಗ ನಿಮಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಅಧಿಕಾರಿಗೆ ತೋರಿಸುವುದು ಆ ಒಂದು ಸಾಲೇ.